ಮೂರು ಊರಿನ ಮಾತ್ರೆ

ನನ್ನ ಮಾವನವರಿಗೆ ಹೆಂಡತಿ ಒಬ್ಬರು, ಡಾಕ್ಟರು ಮೂವರು. ಮೂವರು ಡಾಕ್ಟರ ವಿಷಯವೂ ಹೆಂಡತಿಗೆ ಗೊತ್ತಿತ್ತು. ಡಾಕ್ಟರುಗಳಿಗೆ ಮಾತ್ರ ಒಬ್ಬರ ಸಮಾಚಾರ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುವುದೇ ಮರ್ಯಾದಸ್ಥರ ಲಕ್ಷಣವೆಂದು ಮಾವ ನಂಬಿದ್ದರು.

ನಾನು ಮದುವೆಯಾಗಿ ಹೊಳೆನರಸೀಪುರದ ಆ ಮನೆಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ಮಾವ ಶೇಕದಾರರ ಕೆಲಸದಿಂದ ನಿವೃತ್ತರಾಗಿದ್ದರು. ಶೇಕದಾರರೆಂದರೆ ಇಡೀ ಹೋಬಳಿಯ ಕಂದಾಯ, ಜಮೀನಿನ ತಕರಾರು ಎಲ್ಲ ಅವರ ಕೈಯಲ್ಲೇ ಇರುತ್ತಿದ್ದ ಕಾಲ. ಅವರು ಕಚೇರಿ ಬಿಟ್ಟರೂ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಮನೆಯೊಳಗೇ ಅವರು ಇಲಾಖೆಗಳನ್ನು ಮಾಡಿಕೊಂಡಿದ್ದರು. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೆ, "ಅದು ನಿಮ್ಮತ್ತೆ ಇಲಾಖೆ ಕಣವ್ವ, ನನ್ನ ಕೇಳ್ಬ್ಯಾಡ" ಅನ್ನುತ್ತಿದ್ದರು. ಉಪ್ಪಿಲ್ಲದ ಸಾರನ್ನು ಹಾಗೇ ಉಂಡು ಎದ್ದದ್ದನ್ನು ನಾನೇ ನೋಡಿದ್ದೇನೆ.

ಮೈಯನ್ನೂ ಅವರು ಹಾಗೇ ಹೋಬಳಿ ಹೋಬಳಿಯಾಗಿ ಹಂಚಿದ್ದರು. ಸಕ್ಕರೆ ಕಾಯಿಲೆ ಹಾಸನಕ್ಕೆ ಸೇರಿದ್ದು. ಅದು ದೊಡ್ಡ ಕಾಯಿಲೆ, ಜಿಲ್ಲಾ ಕೇಂದ್ರದಲ್ಲೇ ವಿಲೇವಾರಿ ಆಗಬೇಕು. ಮಂಡಿ ನೋವು ಅರಕಲಗೂಡಿಗೆ ಸೇರಿದ್ದು, ಯಾಕೆಂದರೆ ಅಲ್ಲಿನ ಡಾಕ್ಟರು ನನ್ನ ತವರಿನ ಕಡೆಯಿಂದ ದೂರದ ನೆಂಟರು. ರಾಮನಾಥಪುರದ ಪಕ್ಕದಲ್ಲಿ ಹೊಗೆಸೊಪ್ಪು ಬೆಳೆಯುವ ನಮ್ಮಪ್ಪನಿಗೆ ಬೀಗರು ಆ ಡಾಕ್ಟರಿಗೆ ಮಂಡಿ ತೋರಿಸುತ್ತಾರೆ ಎನ್ನುವುದೇ ಒಂದು ಹೆಮ್ಮೆ. ಇನ್ನು ಮೂತ್ರದ ಉರಿ ಚನ್ನರಾಯಪಟ್ಟಣಕ್ಕೆ ಸೇರಿತ್ತು. ನಾದಿನಿಯನ್ನು ಕೊಟ್ಟದ್ದು ಅಲ್ಲಿಗೆ. ಮಗಳ ಮನೆಗೆ ಹೋಗಿದ್ದಾಗ ಒಂದು ಸಲ ಉರಿ ಕಾಣಿಸಿಕೊಂಡು, ಅಳಿಯ ಪಕ್ಕದ ಮನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಆಮೇಲೆ ಆ ಉರಿಯನ್ನು ಬೇರೆಯವರಿಗೆ ತೋರಿಸಿದರೆ ಅಳಿಯ ಏನೆಂದುಕೊಂಡಾನು?

ನಮ್ಮೂರಿನ ಡಾಕ್ಟರಿಗೆ ಮಾತ್ರ ಯಾವ ಕಾಯಿಲೆಯೂ ಸೇರಿರಲಿಲ್ಲ. ಬೆಳಿಗ್ಗೆ ಅವರಿಗೆ ಹೇಳಿದ್ದು ಮಧ್ಯಾಹ್ನದೊಳಗೆ ಪೇಟೆ ಬೀದಿಯ ಅಂಗಡಿಗಳಿಗೆಲ್ಲ ಗೊತ್ತಾಗುತ್ತದೆ ಎಂದು ಮಾವನಿಗೆ ಗುಮಾನಿ. ಹೀಗಾಗಿ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ ಆ ಪುಣ್ಯಾತ್ಮರು, ಶೇಕದಾರರು ಕಲ್ಲುಗುಂಡಿನ ಹಾಗೆ ಇದ್ದಾರೆ ಎಂದೇ ತಿಳಿದಿದ್ದರು.

ನಾನು ಲೋಯರ್ ಸೆಕೆಂಡರಿ ಓದಿದವಳು. ಆ ಮನೆಯಲ್ಲಿ ಅದು ವಿದ್ವತ್ತಿಗಿಂತ ಅಧಿಕಪ್ರಸಂಗಕ್ಕೆ ಹೆಚ್ಚು ಹತ್ತಿರ. ಒಂದು ದಿನ ಮಾತ್ರೆಯ ಜೊತೆ ನೀರು ಕೊಡುತ್ತಾ ಕೇಳಿಯೇಬಿಟ್ಟೆ.

"ಮಾವಯ್ಯ, ಹಾಸನದ ಮಾತ್ರೆ ತಗತಾ ಇದ್ದೀನಿ ಅಂತ ಅರಕಲಗೂಡಲ್ಲಿ ಹೇಳಿದ್ದೀರಾ?"

ಅವರು ನನ್ನನ್ನು ಕನಿಕರದಿಂದ ನೋಡಿದರು.

"ಮಂಡಿ ತೋರ್ಸಕ್ಕೆ ಓದವನು ಸಕ್ಕರೆ ಮಾತು ಯಾಕವ್ವ ಎತ್ಬೇಕು? ಒಬ್ಬ ಡಾಕ್ಟರ ಮುಂದೆ ಇನ್ನೊಬ್ಬ ಡಾಕ್ಟರ ಎಸ್ರು ಎತ್ತಿದ್ರೆ, ನಿಮ್ಮ ಕೈಗುಣ ಸಾಲ್ದು ಅಂತ ಮಕದ ಮ್ಯಾಲೆ ಅಂದಂಗಲ್ವಾ?"

ನಾನೂ ಹೌದೆಂದು ತಲೆಯಾಡಿಸಿದೆ. ಸುಳ್ಳು ಯಾಕೆ ಹೇಳಲಿ, ನನಗೂ ಅದು ಸರಿಯೆಂದೇ ಕಂಡಿತ್ತು. ತವರಿನ ಕಡೆಯ ಡಾಕ್ಟರಿಗೆ ಅವಮಾನವಾಗುವುದು ನನಗೂ ಬೇಕಿರಲಿಲ್ಲ. ಅಂತೂ ಮಾವನ ಹೊಟ್ಟೆಗೆ ದಿನಾ ಒಂದು ಮಾತ್ರೆ ಕಾಯಿಲೆಗೆ, ಒಂದು ಬೀಗತನಕ್ಕೆ, ಒಂದು ಅಳಿಯನ ಮುಲಾಜಿಗೆ ಇಳಿಯುತ್ತಿತ್ತು. ಇವೆಲ್ಲದರ ಮೇಲೆ ಅತ್ತೆಯವರ ಹಾಗಲಕಾಯಿ ರಸ, ಬೆಳಿಗ್ಗೆ ಒಂದು ಲೋಟ. ಅದನ್ನು ಯಾವ ಡಾಕ್ಟರಿಗೂ ಹೇಳುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಹಾಗಲಕಾಯಿ ತರಕಾರಿ.

ಹಾಸನದ ಡಾಕ್ಟರು ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಲು ಒಂದು ಬಾಟಲಿ ನೀಲಿ ದ್ರಾವಣ, ಒಂದು ಗಾಜಿನ ನಳಿಗೆ, ಒಂದು ಸ್ಪಿರಿಟ್ ದೀಪ ಕೊಡಿಸಿದ್ದರು. ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಮೂತ್ರದಲ್ಲಿ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಹೆಚ್ಚಿದೆ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಬಹಳ ಇದೆ. ಈ ಕೆಲಸ ಹಿತ್ತಲ ಜಗುಲಿಯಲ್ಲಿ ನಡೆಯುತ್ತಿತ್ತು. ಅತ್ತೆ ಆ ದೀಪವನ್ನು ಹೊಸ್ತಿಲಿನಿಂದ ಒಳಗೆ ಬಿಟ್ಟವರಲ್ಲ.

ಮಾವ ಅದನ್ನು ಪರೀಕ್ಷೆಯ ಹಾಗಲ್ಲ, ತನಿಖೆಯ ಹಾಗೆ ಮಾಡುತ್ತಿದ್ದರು. ಕನ್ನಡಕ ಹಾಕಿಕೊಂಡು, ನಳಿಗೆಯನ್ನು ಸೂರ್ಯನ ಕಡೆ ಹಿಡಿದು, ಬಣ್ಣವನ್ನು ಗಟ್ಟಿಯಾಗಿ ಘೋಷಿಸುತ್ತಿದ್ದರು. ಹಸಿರು ಬಂದ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಹಳದಿ ಬಂದರೆ ಹಿಂದಿನ ದಿನ ಅಡುಗೆ ಮಾಡಿದವರಿಗೆ, ಅಂದರೆ ನನಗೆ, ವಿಚಾರಣೆ. ನೀಲಿ ಬಂದರೆ ಹಬ್ಬ. ನೀಲಿ ಬಂದ ನಳಿಗೆಯನ್ನು ಬೇಗ ತೊಳೆಯಲು ಬಿಡುತ್ತಿರಲಿಲ್ಲ. ಬಂದವರಿಗೆ ತೋರಿಸಬೇಕಿತ್ತಲ್ಲ! ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಆ ನಳಿಗೆಯನ್ನು ನೋಡಿ ಮೆಚ್ಚಿಕೊಂಡವರು ಊರಲ್ಲಿ ಹತ್ತಾರು ಜನ ಇದ್ದಾರೆ. ಕಾಫಿ ಪೂರ್ತಿ ಕುಡಿದವರು ಕಡಿಮೆ.

ಇದೆಲ್ಲ ತಮಾಷೆಯಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಅರವತ್ತರ ದಶಕದ ನಡುವೆ ಒಂದು ಚಳಿಗಾಲದಲ್ಲಿ ಮಾವನ ಮಂಡಿ ಬಿಗಿದುಕೊಂಡಿತು. ಅರಕಲಗೂಡಿನವರು ಹೊಸ ಮಾತ್ರೆ ಕೊಟ್ಟರು, ಮೊದಲಿನದಕ್ಕಿಂತ ಜೋರಿನದು. ಅದೇ ತಿಂಗಳು ಮೂತ್ರದ ಉರಿಯೂ ಶುರುವಾಗಿ ಚನ್ನರಾಯಪಟ್ಟಣದವರು ಸಲ್ಫಾ ಮಾತ್ರೆ ಕೊಟ್ಟರು. ಮಂಡಿ ಸಡಿಲವಾಯಿತು. ಉರಿ ಇಳಿಯಿತು. ಅದಕ್ಕಿಂತ ಹೆಚ್ಚಾಗಿ, ಹಿತ್ತಲ ಜಗುಲಿಯಲ್ಲಿ ನೀಲಿಯ ಮೇಲೆ ನೀಲಿ ಬರತೊಡಗಿತು.

"ನೋಡವ್ವ, ಇಂಥಾ ನೀಲಿ ಈ ಜಿಲ್ಲೇಲೇ ಯಾರಿಗೂ ಬಂದಿರಕಿಲ್ಲ!" ಎಂದು ಮಾವ ನಳಿಗೆ ಎತ್ತಿ ತೋರಿಸುವರು. ಅತ್ತೆ ಅದಕ್ಕೆಲ್ಲ ಹಾಗಲಕಾಯಿ ಕಾರಣವೆಂದು ಲೋಟವನ್ನು ದೊಡ್ಡದು ಮಾಡಿದರು.

ಅದೇ ಹೊತ್ತಿಗೆ ಮಾವ ಮಾವನ ಹಾಗೆ ಇಲ್ಲದಾದರು. ಬೆಳಗಿನ ಹೊತ್ತು ಸರಿಯಾಗೇ ಇರುವರು. ಹನ್ನೊಂದು ಗಂಟೆ ದಾಟಿ, ಊಟಕ್ಕೆ ಇನ್ನೂ ಹೊತ್ತಿರುವಾಗ, ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ಮಾತು ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. ಒಂದು ದಿನ ಹಿತ್ತಲ ತೆಂಗಿನ ಮರದ ಮುಂದೆ ನಿಂತು, ಒತ್ತುವರಿ ತೆರವು ಮಾಡದಿದ್ದರೆ ಪೊಲೀಸರನ್ನು ಕರೆಸುವುದಾಗಿ ಅದಕ್ಕೆ ಎಚ್ಚರಿಕೆ ಕೊಟ್ಟರು. ನಾನು ನಕ್ಕೆ. ಊಟವಾದ ಮೇಲೆ ಅವರಿಗೆ ಅದು ನೆನಪೇ ಇರಲಿಲ್ಲ.

ಮನೆಯಲ್ಲಿ ಎರಡು ಪಕ್ಷವಾಯಿತು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, "ಅಪ್ಪಂಗೆ ಅರುಳುಮರುಳು" ಎಂದು ತೀರ್ಪು ಕೊಟ್ಟರು. ಅತ್ತೆ ಒಪ್ಪಲಿಲ್ಲ. "ಸಕ್ಕರೆ ತಲೆಗೇರ್ಬುಟ್ಟದೆ ಕಣ್ಲಾ" ಅಂದರು.

"ದಿನಾ ನೀಲಿ ಬತ್ತಾ ಇದೆಯಲ್ಲವ್ವ?"

"ಅದೇ ನಾನೂ ಅನ್ನದು. ಕೆಳಿಕ್ಕೆ ಬರ್ನಿಲ್ಲ ಅಂದ್ಮ್ಯಾಲೆ ಇನ್ನೆಲ್ಲಿಗೋಯ್ತು? ಮ್ಯಾಕೆ ಓಗ್ಬುಟ್ಟದೆ!"

 ಆ ನೀಲಿ ಬಣ್ಣಕ್ಕೆ ಹೆಚ್ಚನ್ನು ಹೇಳುವುದಷ್ಟೇ ಗೊತ್ತು, ಕಡಿಮೆಯನ್ನು ಹೇಳಲು ಬರುವುದಿಲ್ಲ ಎನ್ನುವುದು ನಮಗೆ ಯಾರಿಗೂ ತಿಳಿದಿರಲಿಲ್ಲ. ಮೈಯಲ್ಲಿ ಸಕ್ಕರೆ ಸರಿಯಾಗಿದ್ದರೂ ನೀಲಿ, ಪಾತಾಳಕ್ಕೆ ಇಳಿದರೂ ಅದೇ ನೀಲಿ.

ಒಂದು ದಿನ ಹಳೇಕೋಟೆಯಿಂದ ಅಣ್ಣತಮ್ಮಂದಿರಿಬ್ಬರು ಬದುವಿನ ಜಗಳ ತೀರಿಸಿಕೊಳ್ಳಲು ಬಂದರು. ನಮ್ಮ ಜಮೀನು ಇರುವುದೂ ಹಳೇಕೋಟೆಯಲ್ಲೇ. ಆ ಹೋಬಳಿಯ ಸರ್ವೆ ನಂಬರುಗಳನ್ನು ಮಾವ ಕಣ್ಣು ಮುಚ್ಚಿಕೊಂಡು ಹೇಳುವವರು. ನಿವೃತ್ತಿಯಾಗಿ ಅಷ್ಟು ವರ್ಷವಾದರೂ ಜನ ಅವರ ಮಾತಿಗಾಗಿ ಬರುತ್ತಿದ್ದರು. ಅವರ ಜೀವವೂ ಅದರಲ್ಲೇ ಇತ್ತು. ಆ ದಿನ ಹನ್ನೊಂದೂವರೆಯ ಹೊತ್ತಿಗೆ, ಅಣ್ಣನ ಜಮೀನನ್ನು ತಮ್ಮನದೆಂದೂ, ತಮ್ಮನನ್ನು ಅವರಪ್ಪನೆಂದೂ ತಿಳಿದು ಏನೇನೋ ಹೇಳಿದರು. ಬಂದವರು ಮುಖಮುಖ ನೋಡಿಕೊಂಡು, "ಸಾಹೇಬ್ರಿಗೆ ಸುಸ್ತಾಗ್ಬುಟ್ಟದೆ, ಇನ್ನೊಂದು ದಪ ಬತ್ತೀವಿ ಸಾ" ಎಂದು ಎದ್ದು ಹೋದರು.

ಊಟ ಮಾಡಿದ ಮೇಲೆ ಮಾವನಿಗೆ ಎಲ್ಲವೂ ಸರಿಯಾಗಿ ಹೊಳೆಯಿತು. ಬದು ಯಾರದು, ಯಾವ ವರ್ಷ ಅಳತೆಯಾಯಿತು, ಯಾರು ಸಾಕ್ಷಿ, ಎಲ್ಲ. ಹೇಳಿಸಿಕೊಳ್ಳುವವರು ಹೊರಟುಹೋಗಿದ್ದರು. ಮಾವ ಕಂಬಕ್ಕೆ ಒರಗಿ ಕೂತು ನನ್ನನ್ನು ಕರೆದರು.

"ನಂಗೆ ತಲೆ ಓಗ್ಬುಟ್ಟದೇನವ್ವ? ನಿಜ ಏಳು."

ಅಂಥ ಗತ್ತಿನ ಮನುಷ್ಯ ಸೊಸೆಯನ್ನು ಕೇಳುವ ಮಾತೇ ಅದು! "ಇಲ್ಲ ಮಾವಯ್ಯ" ಅಂದೆ. ಅವರು ನಂಬಲಿಲ್ಲ.

ಅದಾದ ಮೂರು ನಾಲ್ಕು ದಿನಕ್ಕೆ, ಊಟದ ಹೊತ್ತಿಗೆ ಮುಂಚೆ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹೆಂಗಸರ ಇಲಾಖೆಗೆ ಅವರು ಕಾಲಿಟ್ಟದ್ದನ್ನು ನಾನು ನೋಡಿದ್ದೇ ಆಗ.

"ಒಂದು ಚೂರು ಬೆಲ್ಲ ಕೊಡವ್ವ."

"ಅಯ್ಯೋ, ನಿಮಗೆ ಬೆಲ್ಲವಾ ಮಾವಯ್ಯ? ಡಾಕ್ಟರು ಏನಂದವ್ರೆ? ಜೀವದ ಮ್ಯಾಲೆ ಆಸೆ ಇಲ್ವಾ ನಿಮಗೆ?" ಎಂದು ಓದಿದ ಸೊಸೆ ಓದಿದ್ದನ್ನೆಲ್ಲ ತೋರಿಸಿದಳು. ಅವರು ವಾಪಸ್ಸು ಜಗುಲಿಗೆ ಹೋದರು. ಮಾರನೆಯ ದಿನ ಮತ್ತೆ ಬಂದರು. ಮೂರನೆಯ ದಿನವೂ ಬಂದರು. ನಾನು ಮೂರು ಸಲವೂ ಕೊಡಲಿಲ್ಲ. ಎಷ್ಟು ಗಟ್ಟಿ ಮನಸ್ಸು ನನ್ನದು ಎಂದು ಒಳಗೊಳಗೇ ಬೀಗಿದೆ ಕೂಡ.

ನಾಲ್ಕನೆಯ ದಿನ ಉಗ್ರಾಣದಲ್ಲಿ ಸದ್ದಾಯಿತೆಂದು ಇಣುಕಿದರೆ, ಹಳೇಕೋಟೆಯ ನಮ್ಮ ಆಲೆಮನೆಯಿಂದ ಬಂದ ಬೆಲ್ಲದ ಮೂಟೆಗೆ ಕೈ ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಶೇಕದಾರರು ಅಚ್ಚುಬೆಲ್ಲ ಕಡಿಯುತ್ತಿದ್ದರು. ಮೀಸೆಗೆಲ್ಲ ಬೆಲ್ಲ. ನಾನು ನೇರವಾಗಿ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಬೀದಿಗೆ ಕೇಳುವ ಹಾಗೆ ಬೈದರು. "ಈ ವಯಸ್ನಲ್ಲಿ ಕದ್ದು ತಿಂತೀರಲ್ಲ, ನಾಚಿಕೆ ಆಗಕಿಲ್ವಾ!" ಉಗ್ರಾಣಕ್ಕೆ ಬೀಗ ಬಿತ್ತು. ಬೀಗದ ಕೈ ಅತ್ತೆಯ ಸೊಂಟಕ್ಕೆ ಹೋಯಿತು. ಸಕ್ಕರೆ ಡಬ್ಬಿ, ಜೇನಿನ ಬಾಟಲಿ, ಬಾಳೆಹಣ್ಣಿನ ಗೊನೆ ಸಹ ಒಳಗೆ ಸೇರಿದವು.

ಆದರೆ ಆ ದಿನ ನಾನು ಒಂದನ್ನು ಗಮನಿಸಿದ್ದೆ. ಬೈಗುಳ ಮುಗಿಯುವ ಹೊತ್ತಿಗೆ ಮಾವನ ಬೆವರು ಆರಿತ್ತು, ನಡುಕ ನಿಂತಿತ್ತು. ಅತ್ತೆಯ ಮಾತಿಗೆ ಸರಿಯಾದ ಉತ್ತರವನ್ನೂ ಕೊಟ್ಟಿದ್ದರು. ರಾತ್ರಿ ಊಟ ಬಡಿಸುವಾಗ ಗಂಡನಿಗೆ ಹೇಳಿದೆ.

"ಏನೂಂದ್ರೆ, ಮಾವಯ್ಯ ಬೆಲ್ಲ ತಿಂದ್ಮ್ಯಾಲೆ ಸರಿ ಓಗ್ತಾರೆ. ನಾನು ನೋಡ್ದೆ."

"ಕುಡುಕನೂ ಕುಡಿದ್ಮ್ಯಾಲೆ ಸರಿ ಓಗ್ತಾನೆ" ಎಂದರು ಅವರು, ಮುದ್ದೆ ಮುರಿಯುತ್ತಾ.

ಬೇರೆ ವಿಷಯಕ್ಕೆ ಅವರಿಗೆ ಸಮಯವೂ ಇರಲಿಲ್ಲ. ಅಪ್ಪನಿಗೆ ತಲೆ ಪೂರ್ತಿ ಕೆಡುವ ಮೊದಲು ಮನೆ ಜಮೀನಿನ ಯಜಮಾನಿಕೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಅರ್ಜಿಯನ್ನು ಅವರು ಬರೆಯುತ್ತಿದ್ದರು. ಬಹಳ ವಿನಯದ ಅರ್ಜಿ. 'ಪೂಜ್ಯ ತಂದೆಯವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲದ ಕಾರಣ' ಎಂದು ಶುರುವಾಗುತ್ತಿತ್ತು. ಆ ಅರ್ಜಿ ಅಪ್ಪ ಕಲಿಸಿದ ಒಕ್ಕಣೆಯಲ್ಲೇ ಇತ್ತು.

ಬೀಗ ಬಿದ್ದ ಆರನೆಯ ದಿನವೋ ಏಳನೆಯ ದಿನವೋ, ಹನ್ನೊಂದರ ಸುಮಾರಿಗೆ, ಮಾವ ಜಗುಲಿಯಲ್ಲಿ ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಕಣ್ಣು ಅರ್ಧ ತೆರೆದಿತ್ತು, ಕರೆದರೆ ಬರೀ ಗೊರಗೊರ. ಅತ್ತೆ ಕೂಗಿಕೊಂಡರು. ಬೀದಿಯವರು ನುಗ್ಗಿದರು. ನಾಲ್ಕು ಹೆಜ್ಜೆ ದೂರದ ಡಾಕ್ಟರು ಆ ದಿನ ಊರಲ್ಲಿರಲಿಲ್ಲ. ನಮ್ಮೂರಿನಲ್ಲಿ ಯಾರಾದರೂ ಬಿದ್ದರೆ ಎತ್ತುವುದಕ್ಕೆ ಮೊದಲು ಕಾರಣ ಹೇಳುವುದು ವಾಡಿಕೆ. ಒಬ್ಬರು ಲಕ್ವ ಅಂದರು, ಒಬ್ಬರು ಗಾಳಿ ಅಂದರು. ಹಿತ್ತಲ ತೆಂಗಿನ ಮರದಲ್ಲೇ ಏನೋ ಇದೆ ಎಂದು ಒಬ್ಬಾಕೆ ಹೇಳಿದಳು. ಅತ್ತೆ ಮಾತ್ರ, "ಸಕ್ಕರೆ ಪೂರಾ ತಲೆಗೇರ್ಬುಟ್ತು, ರಸ ತತ್ತಾ!" ಎಂದು ಅಳುತ್ತಾ, ಹಾಗಲಕಾಯಿ ರಸದ ಲೋಟವನ್ನು ಆ ತುಟಿಗೆ ಹಿಡಿದರು.

ಆಗ ನನಗೆ ಎಲ್ಲಿಂದ ಬಂತೋ ಆ ಧೈರ್ಯ, ಗೊತ್ತಿಲ್ಲ. ಧೈರ್ಯವೂ ಅಲ್ಲ ಅದು, ಭಯ. ಮೂರು ದಿನ ಬಾಗಿಲಲ್ಲಿ ನಿಂತು ಕೇಳಿದ್ದ ಮುಖ ಕಣ್ಣ ಮುಂದೆ ಬಂತು.

"ಅತ್ತೆಮ್ಮ, ಬೀಗದ ಕೈ ಕೊಡಿ. ಬೆಲ್ಲ ಬೇಕು."

"ಸಾಯಿಸ್ತೀಯೇನೇ ಅವರ್ನಾ?"

ನಾನು ಅತ್ತೆಯ ಸೊಂಟಕ್ಕೆ ಕೈ ಹಾಕಿ ಬೀಗದ ಕೈ ಕಿತ್ತುಕೊಂಡೆ. ಇಡೀ ಬೀದಿ ನೋಡುತ್ತಿತ್ತು. ಉಗ್ರಾಣ ತೆಗೆದು, ಬೆಲ್ಲ ಕುಟ್ಟಿ, ನೀರಲ್ಲಿ ಗಟ್ಟಿಯಾಗಿ ಕದಡಿ ತಂದೆ. ಮಾವನ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಬೆರಳಿಗೆ ಅದ್ದಿಕೊಂಡು ಒಳತುಟಿಗೆ, ವಸಡಿಗೆ ಸವರಿದೆ. ನುಂಗಿದರು ಎಂದು ಗೊತ್ತಾದ ಮೇಲೆ ಸಣ್ಣ ಚಮಚದಲ್ಲಿ ಹನಿ ಹನಿಯಾಗಿ ಬಿಟ್ಟೆ. ಅತ್ತೆ ನನ್ನ ಬೆನ್ನಿಗೆ ಗುದ್ದುತ್ತಿದ್ದರು.

ಕಾಲು ಗಂಟೆಯಾಗಿರಬಹುದು. ಮಾವ ಕಣ್ಣು ಪೂರ್ತಿ ತೆರೆದು, ಸುತ್ತ ನೋಡಿ, "ಏನಿಷ್ಟು ಜನ? ಎಲ್ಲ ಅರ್ಜಿದಾರರಾ?" ಅಂದರು.

ಶೇಕದಾರರು ಸತ್ತು ಬದುಕಿದ್ದನ್ನು ಊರು ಎರಡೇ ದಿನದಲ್ಲಿ ಮರೆತುಬಿಟ್ಟಿತು. ಸೊಸೆ ಅತ್ತೆಯ ಸೊಂಟಕ್ಕೆ ಕೈ ಹಾಕಿದ್ದನ್ನು ಇಪ್ಪತ್ತು ವರ್ಷ ಮರೆಯಲಿಲ್ಲ. ನನ್ನ ಮಗಳಿಗೆ ಗಂಡು ನೋಡಲು ಹೊರಟಾಗಲೂ ಅದನ್ನು ಕೇಳಿದವರಿದ್ದಾರೆ.

ಮಾರನೆಯ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಹಾಸನಕ್ಕೆ ಹೊರಟೆವು, ಮಾವ, ನನ್ನ ಗಂಡ, ನಾನು. ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ, ಹಾಗಲಕಾಯಿ ರಸದ ಖಾಲಿ ಲೋಟ ಸಮೇತ, ಒಂದು ಚೀಲಕ್ಕೆ ತುಂಬಿಕೊಂಡಿದ್ದೆ. ಅದನ್ನು ನೋಡಿ ಮಾವನಿಗೆ ಕಸಿವಿಸಿ. ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.

"ಅರಕಲಗೂಡಿಂದು ತೋರ್ಸ್ಬ್ಯಾಡ ಕಣವ್ವ. ಅವ್ರು ಏನು ತಿಳ್ಕತಾರೆ? ಒಂದು ಕಚೇರಿ ಕಾಗ್ದ ಇನ್ನೊಂದು ಕಚೇರೀಲಿ ಬಿಚ್ಚಬಾರ್ದು."

ನಾನು ಡಾಕ್ಟರ ಮೇಜಿನ ಮೇಲೆ ಚೀಲವನ್ನು ಬೋರಲು ಹಾಕಿ, ಲೋಟ ಯಾತಕ್ಕೆಂದೂ ಹೇಳಿದೆ. ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು, ಬಟ್ಟೆ ಬಿಚ್ಚಿ ನಿಲ್ಲಿಸಿದರೂ ಅಷ್ಟು ನಾಚುತ್ತಿರಲಿಲ್ಲವೇನೋ. ಡಾಕ್ಟರು ಒಂದೊಂದೇ ಪೊಟ್ಟಣ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಬದಲಾಯಿತು.

"ಈ ಮಂಡಿ ಮಾತ್ರೆ ಯಾರು ಕೊಟ್ಟರು? ಈ ಸಲ್ಫಾ ಯಾರು ಕೊಟ್ಟರು? ನನ್ನ ಮಾತ್ರೆ ತಗೋತಾ ಇದ್ದೀನಿ ಅಂತ ಅವರಿಗೆ ಹೇಳಿದ್ರಾ?"

ಮಾವ ಕಿಟಕಿಯ ಕಂಬಿ ಎಣಿಸುತ್ತಿದ್ದರು.

"ನಾನು ಕೊಟ್ಟದ್ದು ಸಕ್ಕರೆ ಇಳಿಸೋಕೆ ಅಳತೆ ಮಾಡಿ ಕೊಟ್ಟ ಮಾತ್ರೆ. ಇವೆರಡೂ ಸೇರಿದರೆ ಅದು ಮೈಯಲ್ಲೇ ಉಳಿದುಕೊಂಡು ಅದರ ಬಲ ಹೆಚ್ಚಾಗುತ್ತೆ. ಈ ವಯಸ್ಸಿನಲ್ಲಿ ಮೈ ಅದನ್ನ ಬೇಗ ಹೊರಗೆ ಹಾಕೋದೂ ಇಲ್ಲ. ಮೇಲೆ ಈ ಹಾಗಲಕಾಯಿ ಬೇರೆ! ಇಂಥದ್ದನ್ನ ಈಚೆಗೆ ಓದಿದ್ದೆ, ಕಣ್ಣಾರೆ ನೋಡ್ತಾ ಇರೋದು ಇವತ್ತೇ. ಇವರ ತಲೆ ಕೆಟ್ಟಿರಲಿಲ್ಲ ಕಣ್ರೀ, ತಲೆಗೆ ಸಕ್ಕರೆ ಸಾಲ್ತಿರಲಿಲ್ಲ."

ನನ್ನ ಗಂಡ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡರು. ಅರ್ಜಿ ಅಲ್ಲೇ ಇತ್ತು. ಆಮೇಲೆ ಅದನ್ನು ಯಾರೂ ನೋಡಲಿಲ್ಲ.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು, ಈ ಸಲ ನನ್ನ ಕಡೆ ತಿರುಗಿ.

"ಇಷ್ಟು ದಿನದಿಂದ ಹೀಗಾಗ್ತಾ ಇದ್ದರೆ, ಇವರಿಗೆ ಸಿಹಿ ತಿನ್ನಬೇಕು ಅಂತ ಅನ್ನಿಸಿರಬೇಕಲ್ಲ. ಮೈಯೇ ಕೇಳುತ್ತೆ. ಇವರು ಕೇಳಲಿಲ್ವಾ? ನೀವು ಕೊಡಲಿಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ, ಕಿಟಕಿಯ ಕಡೆ ನೋಡುತ್ತಿದ್ದ ಮಾವ ತಿರುಗಿದರು.

"ಕೇಳ್ದಾಗೆಲ್ಲ ಕೊಟ್ಲು ಸಾ, ನನ್ನ ಸೊಸೆ. ನಾನೇ ಪಥ್ಯ ಅಂತ ತಿನ್ನಲಿಲ್ಲ" ಅಂದರು.

ಡಾಕ್ಟರು ಅವರಿಗೆ ಹಟಮಾರಿ ಮುದುಕ ಎಂದು ಗದರಿದರು. ಮಾವ ಕೈಕಟ್ಟಿಕೊಂಡು ಬೈಸಿಕೊಂಡರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಅವರು ಮೂರು ದಿನ ಬಂದು ಕೇಳಿದ್ದರು, ಮೂರು ದಿನವೂ ನಾನು ಕೊಟ್ಟಿರಲಿಲ್ಲ. ಕೊಟ್ಟದ್ದು ಒಂದೇ ಸಲ, ಕೇಳಲು ಅವರಿಗೆ ಬಾಯಿ ಇಲ್ಲದಾಗ.